ರೇಚಲ್ ಕಾರ್ಸನ್

ರೇಚಲ್ ಲೂಯಿಸ್ ಕಾರ್ಸನ್ (ಮೇ ೨೭, ೧೯೦೭ – ಏಪ್ರಿಲ್ ೧೪, ೧೯೬೪) ಅಮೆರಿಕದ ಸಾಗರ ಜೀವವಿಜ್ಞಾನಿ ಹಾಗೂ ಲೇಖಕಿ. ಕೀಟನಾಶಕಗಳ ಅಪಾಯವನ್ನು ಕುರಿತ ಇವರ 'ಸೈಲೆಂಟ್ ಸ್ಪ್ರಿಂಗ್' ಕೃತಿಯು ಆಧುನಿಕ ಪರಿಸರ ಚಳವಳಿಗೆ ಬುನಾದಿಯಾಯಿತು.

ಜನನ ಮತ್ತು ವೃತ್ತಿಜೀವನ

ಪೆನ್ಸಿಲ್ವೇನಿಯಾ ರಾಜ್ಯದ ಸ್ಪ್ರಿಂಗ್‌ಡೇಲ್‌ನಲ್ಲಿ ಜನಿಸಿದರು. ೧೯೩೨ರಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಿಂದ ಪ್ರಾಣಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದರು. ೧೯೩೫ರಲ್ಲಿ ತಂದೆ ತೀರಿಕೊಂಡದ್ದರಿಂದ ಸಂಸಾರದ ಹೊಣೆ ಇವರ ಮೇಲೆ ಬಿದ್ದಿತು. ೧೯೩೬ರಲ್ಲಿ ಸರ್ಕಾರದ ಮೀನುಗಾರಿಕಾ ಇಲಾಖೆಯನ್ನು ಸೇರಿದರು. ಅಕ್ಕನ ಮರಣಾನಂತರ ಆಕೆಯ ಇಬ್ಬರು ಹೆಣ್ಣುಮಕ್ಕಳನ್ನು ತಾಯಿಯೊಡನೆ ಸಾಕಿದರು. ೧೯೫೧ರ 'ದಿ ಸೀ ಅರೌಂಡ್ ಅಸ್' ಕೃತಿಗೆ ನ್ಯಾಷನಲ್ ಬುಕ್ ಪ್ರಶಸ್ತಿ ಲಭಿಸಿತು. ಮರುವರ್ಷ ನೌಕರಿ ತೊರೆದು ಪೂರ್ಣಾವಧಿ ಲೇಖಕಿಯಾದರು.

ಸೈಲೆಂಟ್ ಸ್ಪ್ರಿಂಗ್

೧೯೬೨ರಲ್ಲಿ ಪ್ರಕಟವಾದ ಈ ಕೃತಿಯು ಡಿ.ಡಿ.ಟಿ. ಮೊದಲಾದ ಕ್ಲೋರಿನ್‌ಯುಕ್ತ ಕೀಟನಾಶಕಗಳು ಮಣ್ಣು, ನೀರು ಮತ್ತು ಆಹಾರದ ಮೂಲಕ ದೇಹದ ಕೊಬ್ಬಿನಲ್ಲಿ ಸಂಚಯವಾಗುವುದನ್ನು ವಿವರಿಸಿತು. ಅವು ಎದೆಹಾಲಿನಲ್ಲಿ ಸೇರುತ್ತವೆ, ಗರ್ಭಸ್ಥ ಶಿಶುವನ್ನೂ ತಲುಪಬಲ್ಲವು ಎಂಬ ಅಂಶಗಳು ಅದರಲ್ಲಿದ್ದವು. ಹೆಚ್ಚಾದ ಈಸ್ಟ್ರೊಜೆನ್ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವುದು ಯಕೃತ್ತಿನ ಕೆಲಸ. ಈ ವಿಷಗಳಿಂದ ಯಕೃತ್ತಿಗೆ ಹಾನಿಯಾದರೆ ಹಾರ್ಮೋನುಗಳ ಸಮತೋಲನ ತಪ್ಪಬಹುದೆಂದು ಕಾರ್ಸನ್ ಎಚ್ಚರಿಸಿದರು. ಕೀಟನಾಶಕಗಳ ಸಂಪೂರ್ಣ ನಿಷೇಧವನ್ನು ಅವರು ಕೇಳಿರಲಿಲ್ಲ. ವಿವೇಚನೆಯಿಲ್ಲದ ಬಳಕೆಯನ್ನಷ್ಟೇ ವಿರೋಧಿಸಿದ್ದರು. ರಾಸಾಯನಿಕ ಉದ್ಯಮವು ಅವರನ್ನು ಕಟುವಾಗಿ ಟೀಕಿಸಿತು. ಆದರೆ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ೧೯೬೩ರ ವರದಿಯು ಬಹುಮಟ್ಟಿಗೆ ಅವರ ವಾದವನ್ನು ಎತ್ತಿಹಿಡಿಯಿತು.

ನಿಧನ

ಕೃತಿಯ ರಚನೆಯ ಕಾಲದಲ್ಲಿಯೇ ಸ್ತನ ಕ್ಯಾನ್ಸರಿಗೆ ತುತ್ತಾಗಿದ್ದ ಕಾರ್ಸನ್, ಅದನ್ನು ಸಾರ್ವಜನಿಕರಿಂದ ಮರೆಮಾಡಿದ್ದರು. ೫೬ನೆಯ ವಯಸ್ಸಿನಲ್ಲಿ ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನಲ್ಲಿ ನಿಧನರಾದರು. ೧೯೮೦ರಲ್ಲಿ ಮರಣೋತ್ತರವಾಗಿ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕ ಸಂದಿತು.

ನಂತರದ ಬೆಳವಣಿಗೆಗಳು

೧೯೭೨ರಲ್ಲಿ ಅಮೆರಿಕವು ಕೃಷಿಯಲ್ಲಿ ಡಿ.ಡಿ.ಟಿ. ಬಳಕೆಯನ್ನು ನಿಷೇಧಿಸಿತು. ೧೯೯೧ರಲ್ಲಿ ಥಿಯೋ ಕೋಲ್ಬೋರ್ನ್ ಮುಂದಾಳತ್ವದ ವಿಜ್ಞಾನಿಗಳ ಸಭೆಯು ಹಾರ್ಮೋನುಗಳ ಕಾರ್ಯವನ್ನು ಕೆಡಿಸುವ ರಾಸಾಯನಿಕಗಳನ್ನು ಪ್ರತ್ಯೇಕ ವರ್ಗವಾಗಿ ಗುರುತಿಸಿತು. ಕೆಲವು ಪ್ಲಾಸ್ಟಿಕ್ಕುಗಳಲ್ಲಿರುವ ಬಿಸ್ಫೆನಾಲ್-ಎ ಮತ್ತು ಥ್ಯಾಲೇಟುಗಳೂ ಇಂದು ಈ ವರ್ಗದಲ್ಲಿ ಪರಿಗಣಿತವಾಗಿವೆ.

ಕನ್ನಡಿಗರು ನೆಲೆಸಿರುವ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪ್ರದೇಶವೂ ಇಂತಹುದೇ ಸಂಕಟವನ್ನು ಕಂಡಿತು. ಡಿ.ಡಿ.ಟಿ.ಯಂತೆಯೇ ಕ್ಲೋರಿನ್‌ಯುಕ್ತವಾದ ಎಂಡೋಸಲ್ಫಾನನ್ನು ಅಲ್ಲಿನ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಸಿಂಪಡಿಸಲಾಗಿತ್ತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆ ಗ್ರಾಮದ ೧೦ರಿಂದ ೧೯ ವರ್ಷದ ೧೧೭ ಬಾಲಕರನ್ನು ಪರೀಕ್ಷಿಸಿ, ಸಿಂಪಡಣೆಗೆ ಒಳಗಾಗದ ೯೦ ಬಾಲಕರೊಡನೆ ಹೋಲಿಸಿದರು. ಎಂಡೋಸಲ್ಫಾನ್ ಬಾಲಕರ ಪ್ರೌಢಾವಸ್ಥೆಯನ್ನು ತಡವಾಗಿಸಬಹುದು, ಲೈಂಗಿಕ ಹಾರ್ಮೋನುಗಳ ಉತ್ಪಾದನೆಗೆ ಅಡ್ಡಿಯಾಗಬಹುದು ಎಂದು ೨೦೦೩ರಲ್ಲಿ ವರದಿ ಮಾಡಿದರು. ೨೦೧೧ರ ಮೇ ೧೩ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ಎಂಡೋಸಲ್ಫಾನಿನ ಉತ್ಪಾದನೆ, ಮಾರಾಟ ಮತ್ತು ಬಳಕೆಗೆ ತಡೆಯಾಜ್ಞೆ ನೀಡಿತು.