ಸಂಗೀತದ ಮೇಷ್ಟ್ರು ವಿಲಿಯಂ ಹರ್ಷೆಲ್ ಮತ್ತು ಅವರ ತಂಗಿ

ಯುರೇನಸ್ ಗ್ರಹವನ್ನು ಕಂಡುಹಿಡಿದವರು ಯಾರು ಎಂದು ಕ್ವಿಜ್‌ನಲ್ಲಿ ಕೇಳಿದರೆ ವಿಲಿಯಂ ಹರ್ಷೆಲ್ ಎಂದು ಮಕ್ಕಳು ಥಟ್ಟನೆ ಹೇಳಿಬಿಡುತ್ತಾರೆ. ಅವರು ಹೊಟ್ಟೆಪಾಡಿಗೆ ಏನು ಮಾಡುತ್ತಿದ್ದರು ಎಂದು ಕೇಳಿದರೆ ದೊಡ್ಡವರೂ ಸುಮ್ಮನಾಗುತ್ತಾರೆ. ಹರ್ಷೆಲ್ ಮೊದಲು ಸೇನೆಯ ಬ್ಯಾಂಡಿನಲ್ಲಿದ್ದವರು, ಆಮೇಲೆ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು, ಮನೆಮನೆಗೆ ಹೋಗಿ ಸಂಗೀತ ಹೇಳಿಕೊಡುತ್ತಿದ್ದ ಮೇಷ್ಟ್ರು. ನಾನೂ ಮನೆಯಲ್ಲಿ ನಾಲ್ಕಾರು ಮಕ್ಕಳಿಗೆ ಸಂಗೀತ ಪಾಠ ಹೇಳುವವಳು. ಆದ್ದರಿಂದಲೋ ಏನೋ, ಅವರ ದೂರದರ್ಶಕಕ್ಕಿಂತ ಮೊದಲಿನ ಬದುಕೇ ನನ್ನನ್ನು ಹೆಚ್ಚು ಸೆಳೆಯಿತು. ಆ ಬದುಕನ್ನು ಓದುತ್ತಾ ಹೋದಂತೆ ಅವರ ತಂಗಿ ಕ್ಯಾರೊಲಿನ್ ಮನಸ್ಸಿನಲ್ಲಿ ಕೂತುಬಿಟ್ಟರು. ಇವರಿಬ್ಬರ ಕಥೆಯನ್ನು ಗೆಳತಿಯರಾದ ನಿಮ್ಮೊಡನೆ ಹಂಚಿಕೊಳ್ಳುವ ಆಸೆ.

ವಿಲಿಯಂ ಹುಟ್ಟಿದ್ದು 1738ರ ನವೆಂಬರ್ 15ರಂದು, ಜರ್ಮನಿಯ ಹ್ಯಾನೋವರ್‌ನಲ್ಲಿ. ತಂದೆ ಐಸಾಕ್ ಸೇನೆಯ ಬ್ಯಾಂಡಿನಲ್ಲಿ ಓಬೋ ನುಡಿಸುತ್ತಿದ್ದರು. ಓಬೋ ಎಂದರೆ ನಮ್ಮ ಶಹನಾಯಿಯ ದೂರದ ನೆಂಟ ಎನ್ನಬಹುದಾದ ಊದುವ ವಾದ್ಯ. ಯುದ್ಧವೊಂದರ ನಂತರ ರಾತ್ರಿಯಿಡೀ ಒದ್ದೆ ಹಳ್ಳದಲ್ಲಿ ಬಿದ್ದುಕೊಂಡಿದ್ದ ಅವರ ಆರೋಗ್ಯ ಮತ್ತೆಂದೂ ಸರಿಹೋಗಲಿಲ್ಲ. ಆದರೂ ಮಕ್ಕಳನ್ನೆಲ್ಲ ಸಂಗೀತದಲ್ಲೇ ಬೆಳೆಸಿದರು. ವಿಲಿಯಂ 14ನೇ ವಯಸ್ಸಿಗೇ ಅದೇ ಬ್ಯಾಂಡಿಗೆ ಸೇರಿದರು.

1757ರಲ್ಲಿ ಹಾಸ್ಟೆನ್‌ಬೆಕ್ ಎಂಬಲ್ಲಿ ಫ್ರೆಂಚರ ಎದುರು ಯುದ್ಧವಾಯಿತು. ಗುಂಡು ಹಾರುವ ಕಡೆ ಬ್ಯಾಂಡಿನ ಹುಡುಗರನ್ನು ಕೇಳುವವರು ಯಾರು? ಜೀವ ಉಳಿಸಿಕೋ ಎಂದು ತಂದೆಯೇ ಮಗನನ್ನು ಹೊರಡಿಸಿದರು. ಅಣ್ಣ ಜೇಕಬ್ ಜೊತೆ ವಿಲಿಯಂ ಇಂಗ್ಲೆಂಡ್ ಸೇರಿದರು. ಸೇನೆಯಿಂದ ಬಿಡುಗಡೆಯ ಕಾಗದ ಕೈಗೆ ಬಂದದ್ದು 1762ರಲ್ಲಿ.

ಕೈಯಲ್ಲಿ ಕಾಸಿಲ್ಲದ ಆ ಹುಡುಗ ಲಂಡನ್‌ನಲ್ಲಿ ಬೇರೆಯವರ ಸಂಗೀತದ ಹಾಳೆಗಳನ್ನು ನಕಲು ಮಾಡಿ ಬದುಕಿದರು. ಮುಂದೆ ಡರ್ಹಮ್ ಪ್ರಾಂತ್ಯದ ಸೈನಿಕ ಬ್ಯಾಂಡನ್ನು ನಡೆಸಿದರು, ಊರೂರು ಅಲೆದು ಕಛೇರಿ ಕೊಟ್ಟರು. ಒಟ್ಟು 24 ಸಿಂಫನಿಗಳನ್ನು ರಚಿಸಿದರು. 1766ರಲ್ಲಿ ಹ್ಯಾಲಿಫ್ಯಾಕ್ಸ್ ಚರ್ಚಿನ ಆರ್ಗನ್ ಹುದ್ದೆಗೆ ಪರೀಕ್ಷೆ ನಡೆದಾಗಿನ ಒಂದು ಕಥೆ ಪ್ರಸಿದ್ಧವಾಗಿದೆ. ಅವರು ಜೇಬಿನಿಂದ ಎರಡು ಸೀಸದ ತುಂಡು ತೆಗೆದು, ಒಂದನ್ನು ಕೆಳಗಿನ ಮಂದ್ರದ ಮನೆಯ ಮೇಲೂ ಇನ್ನೊಂದನ್ನು ಅದರ ಮೇಲಿನ ಸ್ಥಾಯಿಯ ಅದೇ ಸ್ವರದ ಮೇಲೂ ಇಟ್ಟು ನುಡಿಸಿದರಂತೆ. ಶ್ರುತಿಪೆಟ್ಟಿಗೆ ಬಲ್ಲ ನಮಗೆ ಆ ಉಪಾಯ ಕೂಡಲೇ ಅರ್ಥವಾಗುತ್ತದೆ! ಅಲ್ಲಿ ಕೆಲವೇ ತಿಂಗಳಿದ್ದು, ಬಾತ್ ಎಂಬ ಊರಿನ ಆಕ್ಟಗನ್ ಚಾಪೆಲ್ ಎಂಬ ಹೊಸ ಪ್ರಾರ್ಥನಾಮಂದಿರಕ್ಕೆ ಬಂದರು. ಅಲ್ಲಿ ಆರ್ಗನ್, ಗಾಯಕವೃಂದ, ಕಛೇರಿ ಎಲ್ಲವೂ ಅವರದೇ ಹೊಣೆ. ಕೆಲವು ವಾರ 35ಕ್ಕೂ ಹೆಚ್ಚು ಪಾಠ ಹೇಳುತ್ತಿದ್ದರು. ವಾರಕ್ಕೆ ಹತ್ತು ಪಾಠ ಹೇಳಿ ಗಂಟಲು ಕಟ್ಟಿಸಿಕೊಳ್ಳುವ ನನಗೆ ಈ ಲೆಕ್ಕ ಓದಿಯೇ ಸುಸ್ತಾಯಿತು.

ಇತ್ತ ಹ್ಯಾನೋವರ್‌ನಲ್ಲಿ ತಂಗಿ ಕ್ಯಾರೊಲಿನ್ ಬದುಕು ಬೇರೆಯೇ ಆಗಿತ್ತು. 1750ರಲ್ಲಿ ಹುಟ್ಟಿದ ಅವರಿಗೆ ಎಳವೆಯಲ್ಲೇ ಸಿಡುಬು ಬಂದು ಮುಖದಲ್ಲಿ ಕಲೆ ಉಳಿಯಿತು. ಹತ್ತನೇ ವಯಸ್ಸಿನಲ್ಲಿ ಟೈಫಸ್ ಜ್ವರ ಬಂದು ಬೆಳವಣಿಗೆ ನಿಂತಿತು. ಎತ್ತರ ನಾಲ್ಕೂಕಾಲು ಅಡಿಯ ಆಸುಪಾಸು ಅಷ್ಟೇ. ಮದುವೆಯ ಆಸೆ ಬಿಡು ಎಂದು ಮನೆಯವರು ಹೇಳಿಬಿಟ್ಟಿದ್ದರು. ಗಂಡುಮಕ್ಕಳು ಕಲಿತದ್ದರಿಂದಲೇ ಮನೆ ಬಿಟ್ಟು ಹೋದರು ಎಂಬುದು ತಾಯಿಯ ಕೊರಗು. ಹಾಗಾಗಿ ಮಗಳಿಗೆ ಅಡಿಗೆ, ಹೊಲಿಗೆ, ನೇಯ್ಗೆ ಬಿಟ್ಟು ಮತ್ತೇನೂ ಬೇಡವೆಂದರು. ತಂದೆ ಮಾತ್ರ ಸಮಯ ಸಿಕ್ಕಾಗ ಪಿಟೀಲು ಹೇಳಿಕೊಡುತ್ತಿದ್ದರು, ಚಳಿಯ ರಾತ್ರಿ ಹೊರಗೆ ಕರೆದುಕೊಂಡು ಹೋಗಿ ನಕ್ಷತ್ರ ತೋರಿಸುತ್ತಿದ್ದರು.

1772ರಲ್ಲಿ ವಿಲಿಯಂ ತಂಗಿಯನ್ನು ಇಂಗ್ಲೆಂಡಿಗೆ ಕರೆದೊಯ್ಯಲು ಬಂದರು. ಮನೆಗೆಲಸಕ್ಕೆ ಆಳು ಇಟ್ಟುಕೊಳ್ಳುವಷ್ಟು ಹಣವನ್ನು ಪ್ರತಿವರ್ಷ ಕೊಡುತ್ತೇನೆಂದು ಒಪ್ಪಿದ ಮೇಲೆ ತಾಯಿ ಕಳಿಸಿಕೊಟ್ಟರು. 22 ವರ್ಷದ ಮಗಳ ಬೆಲೆ ಒಬ್ಬ ಕೆಲಸದವಳ ಸಂಬಳ! ಹೊರಡುವ ಮೊದಲೇ ಕ್ಯಾರೊಲಿನ್ ಯಾರೂ ಇಲ್ಲದ ಹೊತ್ತು ನೋಡಿ, ಹಲ್ಲುಗಳ ನಡುವೆ ತುಂಡೊಂದನ್ನು ಕಚ್ಚಿಕೊಂಡು, ಅಣ್ಣಂದಿರು ಪಿಟೀಲಿನಲ್ಲಿ ನುಡಿಸಿದ್ದನ್ನು ಗಂಟಲಲ್ಲಿ ತರಲು ಅಭ್ಯಾಸ ಮಾಡುತ್ತಿದ್ದರು. ಈ ಸಾಲು ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ.

ಬಾತ್‌ನಲ್ಲಿ ಅಣ್ಣನೇ ಗುರು. ತಂಗಿ ಹ್ಯಾಂಡೆಲ್‌ನ ಮೆಸ್ಸಾಯ ಮೊದಲಾದ ದೊಡ್ಡ ಕೃತಿಗಳಲ್ಲಿ ಮುಖ್ಯ ಗಾಯಕಿಯಾದರು. 1778ರಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಹಾಡಲು ಕರೆ ಬಂದಾಗ, ಅಣ್ಣನ ನಿರ್ದೇಶನದಲ್ಲಲ್ಲದೆ ಹಾಡುವುದಿಲ್ಲವೆಂದು ಬಿಟ್ಟುಬಿಟ್ಟರು.

ಅಷ್ಟರಲ್ಲಿ ಅಣ್ಣನಿಗೆ ಬೇರೆ ಹುಚ್ಚು ಹಿಡಿದಿತ್ತು. ಸಂಗೀತದ ಗಣಿತದಿಂದ ಬೆಳಕಿನ ಶಾಸ್ತ್ರಕ್ಕೆ, ಅಲ್ಲಿಂದ ಆಕಾಶಕ್ಕೆ ಅವರ ಓದು ಹರಿಯಿತು. ಒಳ್ಳೆಯ ದೂರದರ್ಶಕ ಕೊಳ್ಳಲು ಹಣವಿಲ್ಲದೆ 1773ರಲ್ಲಿ ತಾವೇ ಮಾಡಲು ಕೂತರು. ತಾಮ್ರ, ತವರ ಕರಗಿಸಿ ಎರಕ ಹೊಯ್ದ ಕನ್ನಡಿಯನ್ನು ಗಂಟೆಗಟ್ಟಲೆ ಉಜ್ಜಬೇಕಿತ್ತು. ಒಮ್ಮೆ 16 ಗಂಟೆ ಕೈ ತೆಗೆಯದೆ ಉಜ್ಜಿದರು. ತಂಗಿ ಪಕ್ಕದಲ್ಲಿ ನಿಂತು ತುತ್ತು ತಿನ್ನಿಸಿದರು. ಎರಕದ ಅಚ್ಚಿಗೆ ಬೇಕಾದ ಕುದುರೆ ಲದ್ದಿ ಕುಟ್ಟಿ ಜರಡಿ ಹಿಡಿಯುವುದರಲ್ಲೂ ಅವರ ಕೈ ಇತ್ತು. ಹಾಡಲು ಬಂದವರು ಹೀಗೆ ಕಾರ್ಖಾನೆಯ ಕೈಯಾಳಾದರು.

1781ರ ಮಾರ್ಚ್ 13ರ ರಾತ್ರಿ ಮನೆಯ ಹಿತ್ತಲಿನಿಂದಲೇ ವಿಲಿಯಂ ಹೊಸದೊಂದು ಕಾಯವನ್ನು ಕಂಡರು. ಮೊದಲು ಧೂಮಕೇತು ಎಂದುಕೊಂಡದ್ದು ಶನಿಗಿಂತ ಎರಡರಷ್ಟು ದೂರದ ಗ್ರಹವೆಂದು ತಿಳಿಯಿತು. ದೊರೆ ಮೂರನೇ ಜಾರ್ಜ್ 1782ರಲ್ಲಿ ವರ್ಷಕ್ಕೆ 200 ಪೌಂಡ್ ಗೊತ್ತುಮಾಡಿದರು. ಸಂಗೀತದ ಸಂಪಾದನೆಗಿಂತ ಅದು ಕಡಿಮೆಯೇ. ಆದರೂ ಅದೇ ವರ್ಷ ಅಣ್ಣತಂಗಿ ಇಬ್ಬರ ಸಾರ್ವಜನಿಕ ಸಂಗೀತ ಮುಗಿಯಿತು. ಅಣ್ಣ ಬಿಟ್ಟದ್ದು ತನ್ನ ಇಷ್ಟದಿಂದ. ತಂಗಿಯ ಹಾಡು ಮಾತ್ರ ಅವರನ್ನು ಯಾರೂ ಕೇಳದೆ ನಿಂತಿತು. ಹತ್ತು ವರ್ಷ ದುಡಿದು ಗಳಿಸಿದ ವಿದ್ಯೆ ಅದು.

ಕ್ಯಾರೊಲಿನ್ ಅಳುತ್ತಾ ಕೂರಲಿಲ್ಲ. ರಾತ್ರಿಯಿಡೀ ಅಣ್ಣ ನೋಡಿ ಹೇಳಿದ್ದನ್ನು ಬರೆದುಕೊಂಡು ಹಗಲು ಲೆಕ್ಕ ಹಾಕಿದರು. 1783ರ ಡಿಸೆಂಬರ್ 31ರ ರಾತ್ರಿ ಹಿಮದಲ್ಲಿ ಓಡುವಾಗ ಕಬ್ಬಿಣದ ಕೊಕ್ಕೆ ತೊಡೆಗೆ ಚುಚ್ಚಿ ಮಾಂಸವೇ ಕಿತ್ತುಬಂತು. ವಾಸಿಯಾದ ಮೇಲೆ ಮತ್ತೆ ಕೆಲಸಕ್ಕೆ ನಿಂತರು. 1786ರ ಆಗಸ್ಟ್ 1ರಂದು, ಅಣ್ಣ ಊರಲ್ಲಿಲ್ಲದಾಗ, ತಮ್ಮ ಮೊದಲ ಧೂಮಕೇತುವನ್ನು ಕಂಡರು. 1797ರ ಹೊತ್ತಿಗೆ ಅವರು ಕಂಡ ಧೂಮಕೇತುಗಳು ಎಂಟು. 1787ರಿಂದ ಅರಮನೆಯಿಂದ ವರ್ಷಕ್ಕೆ 50 ಪೌಂಡ್ ಸಂಬಳ ಬಂತು. ಇಂಗ್ಲೆಂಡಿನಲ್ಲಿ ವಿಜ್ಞಾನದ ಕೆಲಸಕ್ಕೆ ಸಂಬಳ ಪಡೆದ ಮೊದಲ ಮಹಿಳೆ ಅವರು. ತಾನೇ ದುಡಿದ, ತನ್ನಿಷ್ಟದಂತೆ ಖರ್ಚುಮಾಡಬಹುದಾದ ಮೊದಲ ಹಣವದು. ಮೊದಲ ಸಂಬಳದ ಕವರ್ ಹಿಡಿದ ದಿನ ನೆನಪಿರುವವರಿಗೆ ಬೇರೆ ವಿವರಣೆ ಬೇಕಿಲ್ಲ.

1788ರಲ್ಲಿ ವಿಲಿಯಂ ಮೇರಿ ಪಿಟ್ ಎಂಬ ವಿಧವೆಯನ್ನು ಮದುವೆಯಾದರು. ಮನೆಯ ಯಜಮಾನಿಕೆ ಬಿಟ್ಟುಕೊಟ್ಟ ಕ್ಯಾರೊಲಿನ್ ಬೇರೆ ಕೋಣೆ ಹಿಡಿದರು. ಆಮೇಲಿನ ಹತ್ತು ವರ್ಷಗಳ ದಿನಚರಿಯನ್ನು ಅವರೇ ನಾಶಮಾಡಿದರು. ಅತ್ತಿಗೆಯೊಡನೆ ಮುಂದೆ ಸ್ನೇಹ ಬೆಳೆಯಿತು. ಅಣ್ಣನ ಮಗ ಜಾನ್‌ನನ್ನಂತೂ ಕಣ್ಣಿನ ಬೊಂಬೆಯಂತೆ ಕಂಡರು.

ವಿಲಿಯಂ 1822ರ ಆಗಸ್ಟ್ 25ರಂದು ತೀರಿಕೊಂಡರು. ಕ್ಯಾರೊಲಿನ್ ಹ್ಯಾನೋವರ್‌ಗೆ ಮರಳಿ, ಅಣ್ಣ ಕಂಡ ಸುಮಾರು 2500 ನೀಹಾರಿಕೆಗಳ ಪಟ್ಟಿಯನ್ನು ಜಾನ್‌ಗಾಗಿ ಹೊಸದಾಗಿ ಜೋಡಿಸಿಕೊಟ್ಟರು. ಅದಕ್ಕೆ 1828ರಲ್ಲಿ ಲಂಡನ್ನಿನ ಖಗೋಳ ಸಂಘದ ಚಿನ್ನದ ಪದಕ ಬಂತು. 1848ರಲ್ಲಿ, 97ನೇ ವಯಸ್ಸಿನಲ್ಲಿ ಕಣ್ಣುಮುಚ್ಚಿದರು.

ಅಣ್ಣ ತಂಗಿಯನ್ನು ಅಡಿಗೆಮನೆಯಿಂದ ಬಿಡಿಸಿದರೋ, ಇನ್ನೊಂದು ಚಾಕರಿಗೆ ಹಚ್ಚಿದರೋ ಎಂದು ನಾನು ಬಹಳ ಯೋಚಿಸಿದೆ. ಎರಡೂ ನಿಜವೆಂದೇ ಅನ್ನಿಸುತ್ತದೆ. ಅಣ್ಣ ಬಾಗಿಲು ತೆರೆದದ್ದು ತನ್ನ ಅಗತ್ಯಕ್ಕೂ ಹೌದು. ಆ ಬಾಗಿಲು ದಾಟಿ ಎಂಟು ಧೂಮಕೇತುಗಳವರೆಗೆ ನಡೆದದ್ದು ಮಾತ್ರ ತಂಗಿಯ ಸ್ವಂತ ಕಾಲು. ಮುಂದಿನ ಸಲ ಕ್ವಿಜ್‌ನಲ್ಲಿ ಹರ್ಷೆಲ್ ಹೆಸರು ಬಂದಾಗ, ಯಾವ ಹರ್ಷೆಲ್ ಎಂದು ಮಕ್ಕಳನ್ನು ಒಮ್ಮೆ ಕೇಳಿ ನೋಡಿ.