ಗಾದಿಯನ್ನು ಮರಳಿ ಒಪ್ಪಿಸಿದ ಶಿವಲಿಂಗಪ್ಪ ಕಂಠಿಯವರು

ಏಕೀಕೃತ ಮೈಸೂರು ರಾಜ್ಯದ ಮುಖ್ಯಮಂತ್ರಿಗಳ ಪಟ್ಟಿಯನ್ನು ತೆರೆದು ನೋಡಿದರೆ, 1962ನೆಯ ಇಸವಿಯ ಮಾರ್ಚ್ 14ರಿಂದ ಜೂನ್ 20ರವರೆಗೆ ಶ್ರೀ ಶಿವಲಿಂಗಪ್ಪ ರುದ್ರಪ್ಪ ಕಂಠಿಯವರ ಹೆಸರು ಕಾಣಿಸುತ್ತದೆ. ನೂರು ದಿನಗಳು ತುಂಬುವ ಮೊದಲೇ ಮುಗಿದುಹೋದ ಆಳ್ವಿಕೆ ಅದು. ಅವರ ಹಿಂದೆ ಶ್ರೀ ಬಿ. ಡಿ. ಜತ್ತಿಯವರು, ಮುಂದೆ ಶ್ರೀ ಎಸ್. ನಿಜಲಿಂಗಪ್ಪನವರು, ಈ ಇಬ್ಬರು ಘಟಾನುಘಟಿಗಳ ನಡುವೆ ಸಿಕ್ಕಿದ ಆ ಹೆಸರನ್ನು ಓದುಗರ ಕಣ್ಣು ದಾಟಿ ಹೋಗುವುದೇ ಹೆಚ್ಚು. ಆದರೆ ಚುನಾವಣೆಯ ಫಲಿತಾಂಶವನ್ನು ಒಪ್ಪಿಕೊಳ್ಳುವುದೂ ಕಾಲ ಬಂದಾಗ ಕುರ್ಚಿಯನ್ನು ತೆರವು ಮಾಡುವುದೂ ಜಗತ್ತಿನ ದೊಡ್ಡ ದೊಡ್ಡ ಪ್ರಜಾರಾಜ್ಯಗಳಿಗೇ ಕಠಿಣವಾಗಿ ತೋರುತ್ತಿರುವ ಈ ದಿನಗಳಲ್ಲಿ, ಕಂಠಿಯವರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಕಂಠಿಯವರು ಹುಟ್ಟಿದ್ದು 1908ನೆಯ ಇಸವಿಯ ಡಿಸೆಂಬರಿನಲ್ಲಿ, ಅಂದಿನ ವಿಜಾಪುರ ಜಿಲ್ಲೆಯ ಕೆರೂರಿನಲ್ಲಿ. ಕಾಯಿದೆಯ ಪದವಿ ಪಡೆದು ಅವರು ವಕೀಲಿಗೆ ನಿಂತದ್ದು ಹುನಗುಂದದಲ್ಲಿ. ಕೃಷ್ಣಾ ಮತ್ತು ಮಲಪ್ರಭಾ ನದಿಗಳು ಕೂಡುವ ಕೂಡಲಸಂಗಮ, ಸೀರೆಗಳಿಗೆ ಹೆಸರಾದ ಇಳಕಲ್ಲು, ಹಳೆಯ ಗುಡಿಗಳ ಐಹೊಳೆ ಇವೆಲ್ಲ ಆ ಸೀಮೆಯವೇ. ಮಳೆ ಕಡಿಮೆ, ಬರ ಹೆಚ್ಚು. ಅಂತಹ ನೆಲದ ರೈತರ ವ್ಯಾಜ್ಯಗಳನ್ನು ನಡೆಸುತ್ತ ನಡೆಸುತ್ತ ಕಂಠಿಯವರು ಜನರ ವಿಶ್ವಾಸವನ್ನು ಗಳಿಸಿದರು. ಸ್ವಾತಂತ್ರ್ಯದ ಚಳವಳಿಯಲ್ಲಿ ಪಾಲುಗೊಂಡು, ಕಾಂಗ್ರೆಸ್ಸಿನ ಕಾರ್ಯಕರ್ತರಾಗಿ ಬೆಳೆದು, 1952ರ ಪ್ರಥಮ ಸಾರ್ವತ್ರಿಕ ಚುನಾವಣೆಯಲ್ಲಿ ವಿಧಾನಸಭೆಗೆ ಆರಿಸಿಬಂದರು.

ಆಗ ಅವರು ಬಂದದ್ದು ಬೆಂಗಳೂರಿಗಲ್ಲ, ನಮ್ಮ ಈ ಮುಂಬಯಿಗೆ ಎಂಬುದನ್ನು ಇಲ್ಲಿಯ ಕನ್ನಡಿಗರು ವಿಶೇಷವಾಗಿ ನೆನೆಯಬೇಕು. ವಿಜಾಪುರ, ಬೆಳಗಾವಿ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ರಾಜ್ಯಕ್ಕೇ ಸೇರಿದ್ದವು. ಮುಲುಂಡಿನಿಂದ ದಿನವೂ ಲೋಕಲ್ ಗಾಡಿ ಹಿಡಿದು ಫೋರ್ಟಿನ ಕಚೇರಿಗಳಿಗೆ ಹೋಗುವ ನಮ್ಮ ಗುಮಾಸ್ತ ಬಂಧುಗಳು, ರೀಗಲ್ ಚಿತ್ರಮಂದಿರದ ಎದುರಿಗೆ ಇರುವ ಹಳೆಯ ಕಲ್ಲಿನ ಕಟ್ಟಡವನ್ನು ನೋಡಿಯೇ ಇರುತ್ತಾರೆ. ಒಂದು ಕಾಲದಲ್ಲಿ ನಾವಿಕರ ವಸತಿಗೃಹವಾಗಿದ್ದು, ಈಗ ಮಹಾರಾಷ್ಟ್ರ ಪೊಲೀಸರ ಮುಖ್ಯ ಕಚೇರಿಯಾಗಿರುವ ಆ ಕಟ್ಟಡದಲ್ಲಿಯೇ ಅಂದು ವಿಧಾನಸಭೆ ಸೇರುತ್ತಿದ್ದುದು. ಮರಾಠಿ, ಗುಜರಾತಿ, ಕನ್ನಡ ಸೀಮೆಗಳ ಸದಸ್ಯರು ಒಂದೇ ಸೂರಿನಡಿ ಕೂಡುತ್ತಿದ್ದ ಆ ಸಭೆಗೆ 1952ರಿಂದ 1956ರವರೆಗೆ ಹುನಗುಂದದ ಕಂಠಿಯವರು ಉಪಸಭಾಧ್ಯಕ್ಷರಾಗಿದ್ದರು.

ಆ ಸಭೆ ಕೂಡುವ ಹೊತ್ತಿಗೆ ಮುಂಬಯಿಯಲ್ಲಿ ಒಂದು ವಿಚಿತ್ರ ಪ್ರಸಂಗ ನಡೆದಿತ್ತು. ಕಾಂಗ್ರೆಸ್ಸಿಗೆ ಬಹುಮತ ಬಂದಿದ್ದರೂ ಅದರ ನಾಯಕರಾದ ಶ್ರೀ ಮೊರಾರ್ಜಿ ದೇಸಾಯಿಯವರು ಸ್ವಂತ ಕ್ಷೇತ್ರದಲ್ಲಿ ಅತ್ಯಲ್ಪ ಮತಗಳಿಂದ ಸೋತಿದ್ದರು. ಹಾಗಿದ್ದೂ ಅವರೇ ಮುಖ್ಯಮಂತ್ರಿಗಳಾದರು; ಆಮೇಲೆ ಉಪಚುನಾವಣೆಯಲ್ಲಿ ಗೆದ್ದು ಸಭೆಯನ್ನು ಸೇರಿದರು. ಸಭೆಯ ಸದಸ್ಯನಲ್ಲದವನು ಆರು ತಿಂಗಳ ಮಟ್ಟಿಗೆ ಮಂತ್ರಿಯಾಗಿರಬಹುದೆಂದು ಸಂವಿಧಾನದ 164ನೆಯ ವಿಧಿ ಹೇಳುತ್ತದೆಯಾದುದರಿಂದ ಇದರಲ್ಲಿ ಕಾನೂನಿನ ದೋಷವೇನೂ ಇರಲಿಲ್ಲ. ಜನರು ಬೇಡವೆಂದವರು ಜನರ ಮೇಲೆ ಆಳುವುದು ಸರಿಯೇ ಎಂಬ ಪ್ರಶ್ನೆ ಮಾತ್ರ ಉಳಿದೇ ಉಳಿಯಿತು. ಹತ್ತು ವರ್ಷಗಳ ತರುವಾಯ ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ಕಂಠಿಯವರ ಬಾಗಿಲಿಗೇ ಬಂದು ನಿಲ್ಲುವುದಿತ್ತು.

1956ನೆಯ ನವೆಂಬರ್ 1ರಂದು ಕನ್ನಡ ನಾಡು ಒಂದಾಯಿತು. ನಿಜಲಿಂಗಪ್ಪನವರು ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಗಳಾದರು. ಹೊಸ ವಿಧಾನಸಭೆಯ ಸಭಾಧ್ಯಕ್ಷ ಪೀಠ ಕಂಠಿಯವರ ಪಾಲಿಗೆ ಬಂದಿತು. ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು, ಹಳೆಯ ಮೈಸೂರು ಎಂಬ ಐದು ಆಡಳಿತಗಳಿಂದ ಬಂದ ಸದಸ್ಯರು. ಒಬ್ಬೊಬ್ಬರದು ಒಂದೊಂದು ರೂಢಿ. ಅಂತಹ ಸಭೆಯನ್ನು ಕಂಠಿಯವರು 1962ರವರೆಗೆ ನಡೆಸಿದರು. ಸಭಾಧ್ಯಕ್ಷನ ಕೆಲಸವೆಂದರೆ ಎಣಿಸುವ ಕೆಲಸ. ಯಾರ ಕಡೆಗೆ ಎಷ್ಟು ಮತ ಬಿದ್ದಿತೆಂಬುದನ್ನು ಎಣಿಸಿ, ತನಗೆ ಹಿತವಾಗಲಿ ಆಗದಿರಲಿ, ಇದ್ದುದನ್ನು ಇದ್ದಂತೆ ಸಾರುವುದು. ಇಂತಹ ಕೆಲಸದಲ್ಲಿ ಹತ್ತು ವರ್ಷ ಕಳೆದವರಿಗೆ ಅಧಿಕಾರವು ಎಣಿಕೆಯಿಂದ ಬರುವುದೆಂಬ ತಿಳಿವು ಮೈಗೂಡಿದ್ದರೆ ಆಶ್ಚರ್ಯವಿಲ್ಲ.

ಇತ್ತ ಆಳುವ ಪಕ್ಷದೊಳಗೆ ಗುಂಪುಗಳ ಸೆಣಸಾಟ ಬಲಿಯುತ್ತ ಬಂದಿತ್ತು. 1958ರಲ್ಲಿ ನಿಜಲಿಂಗಪ್ಪನವರು ಅಧಿಕಾರವನ್ನು ಬಿಡಬೇಕಾಯಿತು, ಜತ್ತಿಯವರು ಮುಖ್ಯಮಂತ್ರಿಗಳಾದರು. ಜಮಖಂಡಿಯ ಕಡೆಯವರಾದ ಜತ್ತಿಯವರೂ ಹುನಗುಂದದ ಕಂಠಿಯವರೂ ಒಂದೇ ಜಿಲ್ಲೆಯ ಮಕ್ಕಳು. 1962ರ ಚುನಾವಣೆಯಲ್ಲಿ ಕಾಂಗ್ರೆಸ್ಸು 208 ಸ್ಥಾನಗಳಲ್ಲಿ 138ನ್ನು ಗೆದ್ದುಕೊಂಡಿತು. ಆದರೆ ಹೊಸದುರ್ಗದಲ್ಲಿ ನಿಂತ ನಿಜಲಿಂಗಪ್ಪನವರು ಪ್ರಜಾ ಸೋಷಲಿಸ್ಟ್ ಪಕ್ಷದ ಶ್ರೀ ಜಿ. ಟಿ. ರಂಗಪ್ಪನವರ ಎದುರು ಸೋತುಹೋದರು. ಗೆದ್ದ ಪಕ್ಷದಲ್ಲಿ ಬಲವುಳ್ಳ ನಾಯಕರು ಸಭೆಯ ಹೊರಗೆ. ಅಧಿಕಾರದಲ್ಲಿದ್ದ ಜತ್ತಿಯವರಿಗೆ ಪಕ್ಷದ ಶಾಸಕರ ಬೆಂಬಲ ಸಾಲದು. ಈ ಇಕ್ಕಟ್ಟಿನಲ್ಲಿ ಸಭಾಧ್ಯಕ್ಷ ಪೀಠದಿಂದ ಇಳಿದು ಬಂದ ಕಂಠಿಯವರು ಮಾರ್ಚ್ 14ರಂದು ಮುಖ್ಯಮಂತ್ರಿಗಳಾದರು. ನಿಜಲಿಂಗಪ್ಪನವರು ಬೇರೊಂದು ಕ್ಷೇತ್ರದಿಂದ ಗೆದ್ದು ಬರುವತನಕದ ವ್ಯವಸ್ಥೆ ಇದೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ. 1952ರಲ್ಲಿ ಮುಂಬಯಿಯು ಹಿಡಿದ ಹಾದಿ ಒಂದಾದರೆ, ಮೈಸೂರು ಹಿಡಿದ ಹಾದಿ ಇನ್ನೊಂದು: ಸೋತವರು ಮೊದಲು ಜನರ ಮುಂದೆ ಹೋಗಲಿ, ಗೆದ್ದ ಮೇಲೆ ಕುರ್ಚಿಯ ಮಾತು.

ನಮ್ಮ ಹೋಟೆಲು ಬಂಧುಗಳಿಗೆ ಈ ಸ್ಥಿತಿಯ ಒಳಗುಟ್ಟು ಬೇಗನೆ ತಿಳಿದೀತು. ಧಣಿಗಳು ಮದುವೆಗೋ ಬೇಸಾಯಕ್ಕೋ ಊರಿಗೆ ಹೋಗುವಾಗ ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ನಂಬಿಕೆಯ ಒಬ್ಬನಿಗೆ ಕೊಟ್ಟು ಹೋಗುವುದುಂಟು. ಮೂರು ತಿಂಗಳು ಅವನು ಗಲ್ಲಾದ ಮೇಲೆ ಕುಳಿತುಕೊಳ್ಳುತ್ತಾನೆ. ಹಾಲಿನವನು, ತರಕಾರಿಯವನು ಅವನಿಗೇ ನಮಸ್ಕಾರ ಮಾಡುತ್ತಾರೆ; ಅಡುಗೆಯವರು ಅವನನ್ನೇ ಕೇಳಿ ಒಲೆ ಹಚ್ಚುತ್ತಾರೆ. ಕಚೇರಿಯಲ್ಲಿ ಮೇಲಧಿಕಾರಿಯ ಜಾಗದಲ್ಲಿ ಹಂಗಾಮಿಯಾಗಿ ಕುಳಿತ ಗುಮಾಸ್ತನ ಅನುಭವವೂ ಇದೇ. ಬೀಗದ ಕೈ ಕೊಟ್ಟ ದಿನ ಯಾರ ಗುಣವೂ ತಿಳಿಯುವುದಿಲ್ಲ. ಅದನ್ನು ಮರಳಿ ಕೇಳಿದ ದಿನ ತಿಳಿಯುತ್ತದೆ.

ಕಂಠಿಯವರ ಕೈಯಲ್ಲಿದ್ದುದು ಒಂದು ರಾಜ್ಯದ ಬೀಗದ ಕೈ. ಮಂತ್ರಿಗಳನ್ನು ನೇಮಿಸುವ, ತೆಗೆಯುವ ಅಧಿಕಾರ ಅವರಿಗಿತ್ತು. ಪಕ್ಷದಲ್ಲಿ ಎರಡು ಗುಂಪುಗಳಿದ್ದುದರಿಂದ, ಮನಸ್ಸು ಮಾಡಿದ್ದರೆ ಒಂದರಿಂದ ಇಷ್ಟು, ಮತ್ತೊಂದರಿಂದ ಇಷ್ಟು ಎಂದು ಶಾಸಕರನ್ನು ಒಲಿಸಿಕೊಂಡು ಮೂರನೆಯ ಗುಂಪನ್ನು ಕಟ್ಟಲು ಯತ್ನಿಸಬಹುದಿತ್ತು. ಹಾಗೆ ಮಾಡಿದವರನ್ನು ನಮ್ಮ ದೇಶ ಅನೇಕ ಸಲ ಕಂಡಿದೆ. ಕಂಠಿಯವರು ಆ ಹಾದಿಯನ್ನು ತುಳಿಯಲಿಲ್ಲ. ಬಾಗಲಕೋಟೆಯ ಸ್ಥಾನವನ್ನು ಅಲ್ಲಿಯ ಶಾಸಕರು ತೆರವು ಮಾಡಿಕೊಟ್ಟರು. ಉಪಚುನಾವಣೆಯಲ್ಲಿ ನಿಜಲಿಂಗಪ್ಪನವರು ಆರಿಸಿಬಂದರು. ಜೂನ್ 20ರಂದು ಕಂಠಿಯವರ ಆಳ್ವಿಕೆ ಮುಗಿದು, ಮರುದಿನ ನಿಜಲಿಂಗಪ್ಪನವರು ಅಧಿಕಾರ ವಹಿಸಿಕೊಂಡರು. ನಂದಿಗ್ರಾಮದಲ್ಲಿ ಪಾದುಕೆಗಳನ್ನಿಟ್ಟು ರಾಜ್ಯವನ್ನು ಕಾದ ಭರತನಿಗೆ ಕನ್ನಡ ನಾಡಿನ ಜನ ಕಂಠಿಯವರನ್ನು ಹೋಲಿಸಿದರು. ಆ ಹೋಲಿಕೆ ಇಂದಿಗೂ ಅಳಿದಿಲ್ಲ.

ಆದರೆ ಈ ಹೋಲಿಕೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡುವುದು ನಮ್ಮ ಕರ್ತವ್ಯ. ಅಯೋಧ್ಯೆಯು ರಾಮನ ಪಿತ್ರಾರ್ಜಿತ. ಹೋಟೆಲು ಧಣಿಯ ಸೊತ್ತು. ಮೈಸೂರು ರಾಜ್ಯವಾದರೋ ಯಾವ ನಾಯಕರ ಸೊತ್ತೂ ಆಗಿರಲಿಲ್ಲ. ಹೊಸದುರ್ಗದ ಮತದಾರರು ನಿಜಲಿಂಗಪ್ಪನವರನ್ನು ಸೋಲಿಸಿದ ಮೇಲೆ, ಅವರಿಗಾಗಿ ಕುರ್ಚಿಯನ್ನು ಬೆಚ್ಚಗಿರಿಸಿ ಇನ್ನೊಂದು ಕ್ಷೇತ್ರದ ಬಾಗಿಲಿನಿಂದ ಕರೆತಂದುದು ಮತದ ತೀರ್ಪಿಗೆ ತೋರಿದ ಗೌರವವೇ ಎಂದು ಕೇಳಿದರೆ, ಆ ಪ್ರಶ್ನೆಯನ್ನು ತಳ್ಳಿಹಾಕಲು ಬರುವಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಉತ್ತರ ಎಣಿಕೆಯಲ್ಲಿದೆ. ಹೊಸದುರ್ಗವು ತನ್ನ ಶಾಸಕನನ್ನು ಆರಿಸಿತು; ಆ ತೀರ್ಪನ್ನು ಯಾರೂ ಅಳಿಸಲಿಲ್ಲ. ರಾಜ್ಯವು 138 ಮಂದಿಯನ್ನು ಕಾಂಗ್ರೆಸ್ಸಿನ ಪರವಾಗಿ ಕಳುಹಿಸಿತು. ಆ ಶಾಸಕರ ಬಹುಮತ ಯಾರ ಹಿಂದಿತ್ತೋ ಅವರಿಗೆ ಅಧಿಕಾರ ಸಂದಿತು. ಕಂಠಿಯವರು ಬೀಗದ ಕೈಯನ್ನು ಒಪ್ಪಿಸಿದ್ದು ನಿಜಲಿಂಗಪ್ಪನವರೆಂಬ ವ್ಯಕ್ತಿಗೆ ಎಂದು ಮೇಲುನೋಟಕ್ಕೆ ಕಂಡರೂ, ನಿಜವಾಗಿ ಒಪ್ಪಿಸಿದ್ದು ಆ ಬಹುಮತಕ್ಕೆ. ಅವರ ನಡತೆಯ ಬೆಲೆ ಇರುವುದು ಅಲ್ಲಿ.

ಈ ಬೆಲೆ ಎಷ್ಟೆಂಬುದು ಅನಂತರದ ಚರಿತ್ರೆಯಿಂದ ತಿಳಿಯುತ್ತದೆ. 1989ರ ಏಪ್ರಿಲಿನಲ್ಲಿ ಕರ್ನಾಟಕದ ಮುಖ್ಯಮಂತ್ರಿ ಶ್ರೀ ಎಸ್. ಆರ್. ಬೊಮ್ಮಾಯಿಯವರಿಗೆ ಬಹುಮತವಿಲ್ಲವೆಂದು ರಾಜ್ಯಪಾಲರು ವರದಿ ಮಾಡಿದರು. ಸಭೆಯಲ್ಲಿ ಎಣಿಸಲು ಅವಕಾಶವನ್ನೇ ಕೊಡದೆ ಸರಕಾರವನ್ನು ವಜಾ ಮಾಡಲಾಯಿತು. ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಾಧೀಶರ ಪೀಠವು 1994ರ ಮಾರ್ಚ್ 11ರಂದು, ಬಹುಮತದ ಪರೀಕ್ಷೆ ನಡೆಯಬೇಕಾದುದು ಸಭೆಯ ಅಂಗಳದಲ್ಲಿಯೇ ಎಂದು ತೀರ್ಪಿತ್ತಿತು. ಬೊಮ್ಮಾಯಿಯವರಿಗೆ ಕಳೆದ ಕುರ್ಚಿ ಅದರಿಂದ ಮರಳಲಿಲ್ಲ. ದೇಶಕ್ಕೆ ಮಾತ್ರ ಒಂದು ನಿಯಮ ದೊರೆಯಿತು. ಬಿಹಾರದಲ್ಲಿ 2014ರಲ್ಲಿ ಶ್ರೀ ನಿತೀಶ್ ಕುಮಾರರು ತಮ್ಮ ಜಾಗದಲ್ಲಿ ಕೂರಿಸಿದ ಶ್ರೀ ಜೀತನ್ ರಾಮ್ ಮಾಂಝಿಯವರು ಮರುವರ್ಷ ಬಿಟ್ಟುಕೊಡಲು ಒಪ್ಪದೆ, ಬಹುಮತ ಪರೀಕ್ಷೆಯ ದಿನವೇ ರಾಜೀನಾಮೆ ಕೊಟ್ಟರು. ತಮಿಳುನಾಡಿನ ಶ್ರೀ ಪನ್ನೀರಸೆಲ್ವಂ ಅವರು 2002ರಲ್ಲಿಯೂ 2015ರಲ್ಲಿಯೂ ಕುಮಾರಿ ಜಯಲಲಿತಾ ಅವರಿಗೆ ಅಧಿಕಾರವನ್ನು ಮರಳಿಸಿದರು; ಆಕೆಯ ಮರಣದ ಬಳಿಕ, 2017ರಲ್ಲಿ, ಸ್ಥಾನಕ್ಕಾಗಿ ಬಹಿರಂಗವಾಗಿ ಸೆಣಸಿದರು.

ಅಮೇರಿಕೆಯ ಕಥೆಯನ್ನು ನೋಡೋಣ. ಅಲ್ಲಿ ಅಧ್ಯಕ್ಷ ಚುನಾವಣೆಯಾದ ಮೇಲೆ ಜನವರಿ ತಿಂಗಳಲ್ಲಿ ಶಾಸನಸಭೆಗಳೆರಡೂ ಕೂಡಿ ಮತಗಳನ್ನು ಎಣಿಸಬೇಕು. ಉಪಾಧ್ಯಕ್ಷರು ಅದರ ಅಧ್ಯಕ್ಷತೆ ವಹಿಸಬೇಕು. 2000ದ ಚುನಾವಣೆಯಲ್ಲಿ ಫ್ಲಾರಿಡಾ ರಾಜ್ಯದ ಬರೇ 537 ಮತಗಳ ಅಂತರದಿಂದ ಶ್ರೀ ಆಲ್ ಗೋರ್ ಅವರು ಸೋತರು. ಅವರ ಪಕ್ಷದವರಲ್ಲಿ ಅನೇಕರಿಗೆ ನ್ಯಾಯಾಲಯದ ತೀರ್ಪು ಅನ್ಯಾಯವೆಂದು ತೋರಿತ್ತು. ಆದರೂ 2001ರ ಜನವರಿ 6ರಂದು ಉಪಾಧ್ಯಕ್ಷ ಗೋರ್ ಅವರೇ ಪೀಠದಲ್ಲಿ ಕುಳಿತು ತಮ್ಮ ಎದುರಾಳಿ ಶ್ರೀ ಬುಷ್ ಅವರ ಗೆಲುವನ್ನು ಸಾರಿದರು. ಇಪ್ಪತ್ತು ವರ್ಷಗಳ ತರುವಾಯ, 2021ರಲ್ಲಿ, ಅದೇ ಜನವರಿ 6ರಂದು ಸೋತ ಅಧ್ಯಕ್ಷ ಶ್ರೀ ಟ್ರಂಪ್ ಅವರ ಬೆಂಬಲಿಗರು ಎಣಿಕೆ ನಡೆಯುತ್ತಿದ್ದ ಭವನಕ್ಕೇ ನುಗ್ಗಿದರು. ಎಣಿಕೆ ಗಂಟೆಗಟ್ಟಲೆ ನಿಂತು, ರಾತ್ರಿ ಮುಂದುವರಿದು, ಮರುದಿನ ಬೆಳಗಿನ ಜಾವ ಮುಗಿಯಿತು. ಹೊಸ ಅಧ್ಯಕ್ಷ ಶ್ರೀ ಬೈಡನ್ ಅವರ ಪದಗ್ರಹಣಕ್ಕೆ ಶ್ರೀ ಟ್ರಂಪ್ ಅವರು ಹೋಗಲಿಲ್ಲ. 2024ರಲ್ಲಿ ಅವರೇ ಮತ್ತೆ ಗೆದ್ದರು. 2025ರ ಜನವರಿ 20ರ ಅವರ ಪದಗ್ರಹಣಕ್ಕೆ ಶ್ರೀ ಬೈಡನ್ ಅವರು ಬಂದು ಕುಳಿತರು. ಸಂವಿಧಾನ ಎಲ್ಲ ಸಲವೂ ಒಂದೇ ಆಗಿತ್ತು. ಬದಲಾದದ್ದು ಅಧಿಕಾರ ಬಿಡಬೇಕಾದ ಮನುಷ್ಯರ ನಡತೆ.

ಕುರ್ಚಿಯಿಂದಿಳಿದ ಕಂಠಿಯವರು ಮುನಿಸಿಕೊಂಡು ಮನೆ ಸೇರಲಿಲ್ಲ. ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರ ಮಂತ್ರಿಮಂಡಲದಲ್ಲಿ ವಿದ್ಯಾಮಂತ್ರಿಗಳಾಗಿ ಕೆಲಸ ಮಾಡಿದರು. ಮೆಟ್ಟಿಲೊಂದು ಕೆಳಗಿಳಿದು ದುಡಿಯುವುದು ಎಷ್ಟು ಕಷ್ಟವೆಂಬುದನ್ನು ಹಂಗಾಮಿ ಹುದ್ದೆಯಿಂದ ಹಿಂದಕ್ಕೆ ಬಂದವರು ಬಲ್ಲರು. 1963ರಲ್ಲಿ ವಿಜಾಪುರದಲ್ಲಿ ಸೈನಿಕ ಶಾಲೆ ಆರಂಭವಾಯಿತು. ಕಿತ್ತೂರಿನಲ್ಲಿ ರಾಣಿ ಚೆನ್ನಮ್ಮನ ಹೆಸರಿನ ಹೆಣ್ಣುಮಕ್ಕಳ ವಸತಿಶಾಲೆ 1969ರಲ್ಲಿ ತಲೆಯೆತ್ತಿತು. ಇವೆರಡರ ಹಿಂದೆಯೂ ಕಂಠಿಯವರ ಶ್ರಮವಿದ್ದಿತೆಂದು ಉತ್ತರ ಕರ್ನಾಟಕದ ಜನ ಇಂದಿಗೂ ಸ್ಮರಿಸುತ್ತಾರೆ. ಅವರ ಮೂರು ತಿಂಗಳ ಆಳ್ವಿಕೆಗಿಂತ ಈ ಶಾಲೆಗಳ ಆಯುಷ್ಯವೇ ದೊಡ್ಡದಾಯಿತು.

1969ರ ನವೆಂಬರಿನಲ್ಲಿ ಕಾಂಗ್ರೆಸ್ಸು ಇಬ್ಭಾಗವಾಯಿತು. ಒಂದು ಕಡೆ ಪಕ್ಷದ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪನವರು, ಇನ್ನೊಂದು ಕಡೆ ಪ್ರಧಾನಿ ಶ್ರೀಮತಿ ಇಂದಿರಾ ಗಾಂಧಿಯವರು. ನಿಜವಾದ ಕಾಂಗ್ರೆಸ್ಸು ತಮ್ಮದೇ ಎಂದು ಇಬ್ಬರೂ ಸಾಧಿಸಿದರು. ಅದಾದ ಮರುತಿಂಗಳು, ಡಿಸೆಂಬರಿನಲ್ಲಿ, ಅರವತ್ತೊಂದನೆಯ ವಯಸ್ಸಿನಲ್ಲಿ ಕಂಠಿಯವರು ತೀರಿಕೊಂಡರು. ಅಂದು ಅವರಿಗೆ ಎಡೆಬಿಟ್ಟುಕೊಟ್ಟಿದ್ದ ಜತ್ತಿಯವರಿಗೂ ಮುಂದೆ ಹಂಗಾಮಿ ಪದವಿಯೊಂದು ಕಾದಿತ್ತು. 1977ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರು ನಿಧನರಾದಾಗ ಉಪರಾಷ್ಟ್ರಪತಿಯಾಗಿದ್ದ ಜತ್ತಿಯವರು ಹಂಗಾಮಿ ರಾಷ್ಟ್ರಪತಿಗಳಾದರು; ಜುಲೈಯಲ್ಲಿ ಶ್ರೀ ನೀಲಂ ಸಂಜೀವ ರೆಡ್ಡಿಯವರಿಗೆ ಆ ಸ್ಥಾನವನ್ನು ಒಪ್ಪಿಸಿದರು. ಹೀಗೆ ಒಂದೇ ಜಿಲ್ಲೆಯ ಇಬ್ಬರಿಗೆ, ಒಬ್ಬರಿಗೆ ರಾಜ್ಯದ, ಇನ್ನೊಬ್ಬರಿಗೆ ದೇಶದ ಬೀಗದ ಕೈ ಕೆಲಕಾಲ ದೊರೆತು, ಇಬ್ಬರೂ ಅದನ್ನು ಸಕಾಲದಲ್ಲಿ ಮರಳಿಸಿದರು.

ಇದು ದೊಡ್ಡವರ ಮಾತಾಯಿತು, ನಮಗೇನು ಎಂದು ವಾಚಕರು ಪುಟವನ್ನು ತಿರುವಿಹಾಕದಿರಲಿ. ಮುಲುಂಡಿನಲ್ಲಾಗಲಿ ಇತರ ಉಪನಗರಗಳಲ್ಲಾಗಲಿ ನಾವು ದುಡಿದ ದುಡ್ಡಿನಲ್ಲಿ ಸಂಘಗಳನ್ನು ಕಟ್ಟುತ್ತೇವೆ. ವಾರ್ಷಿಕ ಮಹಾಸಭೆಯಲ್ಲಿ ಕೈಯೆತ್ತಿ ಕಾರ್ಯಕಾರಿ ಸಮಿತಿಯನ್ನು ಆರಿಸುತ್ತೇವೆ. ಸೋತ ಕಾರ್ಯದರ್ಶಿ ಲೆಕ್ಕದ ಪುಸ್ತಕವನ್ನು ಕೊಡಲು ತಿಂಗಳುಗಟ್ಟಲೆ ಸತಾಯಿಸುವುದು, ಎಣಿಕೆಯೇ ಸುಳ್ಳೆಂದು ಇನ್ನೊಂದು ಸಂಘವನ್ನು ಹುಟ್ಟುಹಾಕುವುದು ನಮ್ಮಲ್ಲಿ ಅಪರೂಪವೇನಲ್ಲ. ಎಣಿಕೆಯಲ್ಲಿ ಸಂಶಯವಿದ್ದರೆ ಅಲ್ಲಿಯೇ, ಎಲ್ಲರ ಎದುರಿಗೆ, ಮರುಎಣಿಕೆ ಕೇಳುವ ಹಕ್ಕು ಎಲ್ಲರಿಗೂ ಉಂಟು. ಎಣಿಕೆ ತೀರ್ಮಾನವಾದ ಮೇಲೆ ಪುಸ್ತಕವೂ ಬೀಗದ ಕೈಯೂ ಅದೇ ದಿನ ಮೇಜಿನ ಮೇಲೆ ಬಂದು ಬೀಳಬೇಕು. ಬರುವ ಮಹಾಸಭೆಗಳಲ್ಲಿ ನಮ್ಮವರು ಇಷ್ಟನ್ನು ನಡೆಸಿಕೊಟ್ಟರೆ ಹುನಗುಂದದ ಆ ಹಿರಿಯರ ಸ್ಮರಣೆ ಸಾರ್ಥಕವಾದೀತು.