ದ್ರಾಕ್ಷಿ ತೋಟದವನ ಸೂಪರ್ ಕಾರು

ಲ್ಯಾಂಬೊರ್ಗಿನಿ ಎಂದರೆ ನಮ್ಮ ಆಫೀಸಿನ ಹುಡುಗರಿಗೆ ಫೋನಿನ ವಾಲ್‌ಪೇಪರ್. ಆ ಹೆಸರಿನ ಹಿಂದೆ ಒಬ್ಬ ರೈತನ ಮಗನಿದ್ದ ಎಂದರೆ ಅರ್ಧ ಜನ ನಂಬುವುದಿಲ್ಲ. ಚಾಕಣದಲ್ಲಿ ಗೇರ್‌ಬಾಕ್ಸ್ ವಿನ್ಯಾಸ ಮಾಡುತ್ತಾ ಹನ್ನೊಂದು ವರ್ಷ ಕಳೆದಿರುವ ನಾನೂ ವಿಜಯಪುರ ಕಡೆಯ ದ್ರಾಕ್ಷಿ ಬೆಳೆಗಾರರ ಮಗ. ಹಾಗಾಗಿ ಆತನ ಬದುಕು ನನಗೆ ಬರೀ ಕಾರಿನ ಕತೆಯಲ್ಲ.

ಫೆರುಚೊ ಲ್ಯಾಂಬೊರ್ಗಿನಿ ಹುಟ್ಟಿದ್ದು 1916ರ ಏಪ್ರಿಲ್ 28ರಂದು, ಉತ್ತರ ಇಟಲಿಯ ಚೆಂಟೊ ಬಳಿಯ ರೆನಾತ್ಸೊ ಹಳ್ಳಿಯಲ್ಲಿ. ಮನೆಯವರದು ದ್ರಾಕ್ಷಿ ಬೇಸಾಯ, ಹುಡುಗನ ಕಣ್ಣು ಮಾತ್ರ ಯಂತ್ರಗಳ ಮೇಲೆ. ಎರಡನೇ ಮಹಾಯುದ್ಧದಲ್ಲಿ ರೋಡ್ಸ್ ದ್ವೀಪದಲ್ಲಿ ಸೇನಾ ವಾಹನಗಳ ಮೆಕ್ಯಾನಿಕ್ ಆಗಿದ್ದ. ಬ್ರಿಟಿಷರ ಸೆರೆಯಿಂದ ಬಿಡುಗಡೆಯಾಗಿ 1946ರಲ್ಲಿ ಊರಿಗೆ ಬಂದ. ಮರುವರ್ಷ ಮಗ ಟೊನಿನೊ ಹುಟ್ಟಿದ, ಹೆರಿಗೆಯಲ್ಲೇ ಹೆಂಡತಿ ತೀರಿಕೊಂಡಳು.

ಆಗ ರೈತರಿಗೆ ಟ್ರ್ಯಾಕ್ಟರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಯುದ್ಧದಲ್ಲಿ ಉಳಿದ ವಾಹನಗಳ ಎಂಜಿನ್ ತಂದು ಫೆರುಚೊ ಟ್ರ್ಯಾಕ್ಟರ್ ಕಟ್ಟಿದ. ಪೆಟ್ರೋಲಿನಲ್ಲಿ ಚಾಲೂ ಮಾಡಿ ಆಮೇಲೆ ಅಗ್ಗದ ಇಂಧನದಲ್ಲಿ ಓಡಿಸುವ ಉಪಾಯವನ್ನೂ ಹುಡುಕಿದ. 1948ರಲ್ಲಿ ಅದೇ ಕಂಪನಿಯಾಯಿತು. ಮುಂದೆ ಮನೆ ಬೆಚ್ಚಗಿಡುವ ಹೀಟರ್‌ಗಳ ವ್ಯಾಪಾರವೂ ಕೈಹಿಡಿಯಿತು. ಶ್ರೀಮಂತಿಕೆ ಬಂತು, ಮನೆಗೆ ಫೆರಾರಿ ಬಂತು.

ಆ ಫೆರಾರಿಯ ಕ್ಲಚ್ ಪದೇ ಪದೇ ಕೈಕೊಡುತ್ತಿತ್ತು, ದೂರು ಹೇಳಿದರೆ ಎಂಜೊ ಫೆರಾರಿ ಟ್ರ್ಯಾಕ್ಟರ್‌ನವನೆಂದು ಹಗುರಾಗಿ ಮಾತಾಡಿದರು ಎಂಬುದು ಫೆರುಚೊ ತಾನೇ ಹೇಳಿಕೊಳ್ಳುತ್ತಿದ್ದ ಕತೆ. ಅದೇನೇ ಇರಲಿ, 1963ರಲ್ಲಿ ಬೊಲೊನ್ಯಾ ಸಮೀಪದ ಸಾಂತ್ ಆಗಾತಾದಲ್ಲಿ ಆತನ ಕಾರು ಕಾರ್ಖಾನೆ ಎದ್ದಿತು. ಹಿಂದೆ ಫೆರಾರಿಯಲ್ಲಿದ್ದ ಜೊತ್ತೊ ಬಿತ್ಸಾರಿನಿ 12 ಸಿಲಿಂಡರಿನ ಎಂಜಿನ್ ಮಾಡಿಕೊಟ್ಟರು.

ಫೆರುಚೊನ ದೊಡ್ಡತನ ನನಗೆ ಕಾಣುವುದು ಮುಂದಿನ ಹೆಜ್ಜೆಯಲ್ಲಿ. ಡಲ್ಲಾರಾ, ಸ್ಟಾಂಜಾನಿ, ಟೆಸ್ಟ್ ಡ್ರೈವರ್ ಬಾಬ್ ವ್ಯಾಲೇಸ್, ಮೂವರಿಗೂ ಮೂವತ್ತು ತುಂಬಿರಲಿಲ್ಲ. ರೇಸಿನ ಖರ್ಚು ಬೇಡವೆನ್ನುತ್ತಿದ್ದ ಯಜಮಾನ ಈ ಹುಡುಗರ ರೇಸ್ ಕಾರಿನಂಥ ಯೋಜನೆಗೆ ಒಪ್ಪಿದ. 1965ರಲ್ಲಿ ಟ್ಯೂರಿನ್ ಪ್ರದರ್ಶನದಲ್ಲಿ ಇಟ್ಟಿದ್ದು ಬರೀ ಚಾಸಿ. 1966ರಲ್ಲಿ ಜಿನೀವಾದಲ್ಲಿ, ಬೆರ್ತೋನೆ ಸಂಸ್ಥೆಯ ಮಾರ್ಚೆಲ್ಲೊ ಗಾಂದಿನಿ ಕೊಟ್ಟ ಮೈಯೊಂದಿಗೆ ಅದು ಮಿಯುರಾ ಆಯಿತು.

ಸುಮಾರು ನಾಲ್ಕು ಲೀಟರಿನ, 350 ಅಶ್ವಶಕ್ತಿಯ ಎಂಜಿನನ್ನು ಸೀಟಿನ ಬೆನ್ನಿಗೇ ಅಡ್ಡಲಾಗಿ ಕೂರಿಸಿದ್ದರು. ಜಾಗ ಉಳಿಸಲು, ಬ್ರಿಟಿಷ್ ಮಿನಿ ಕಾರಿನ ದಾರಿಯಲ್ಲಿ, ಎಂಜಿನ್ ಮತ್ತು ಗೇರ್‌ಬಾಕ್ಸ್ ಎರಡಕ್ಕೂ ಒಂದೇ ಎರಕ, ಒಂದೇ ಆಯಿಲ್. ಗೇರ್ ಸವೆದ ಲೋಹದ ಚೂರು ಎಂಜಿನ್ನಿಗೂ ಹೋಗುವ ಭಯ ಇದ್ದೇ ಇತ್ತು. ಕೊನೆಯ ಎಸ್‌ವಿ ಮಾದರಿಗಳಲ್ಲಷ್ಟೇ ಆಯಿಲ್ ಬೇರೆಯಾಯಿತು. ಪೆಟ್ರೋಲ್ ಟ್ಯಾಂಕ್ ಮುಂದಿತ್ತು. ಟ್ಯಾಂಕ್ ಬರಿದಾದಂತೆ ಮೂತಿ ಹಗುರಾಗಿ, ವೇಗ ಹೆಚ್ಚಿದಾಗ ಸ್ಟೀರಿಂಗ್ ಹಿಡಿತ ಸಡಿಲವಾಗುತ್ತಿತ್ತು. ಒಳಗೆ ಬಿಸಿ, ಕಿವಿಯ ಹಿಂದೆಯೇ ಗದ್ದಲ. ಇಷ್ಟಿದ್ದರೂ ಎಂಜಿನ್ ನಡುವೆ ಇಡುವ ಆ ಕ್ರಮ ಮುಂದಿನ ಸೂಪರ್ ಕಾರುಗಳಿಗೆ ಮಾದರಿಯಾಯಿತು. ನನ್ನಂಥ ಗೇರ್‌ಬಾಕ್ಸಿನವನಿಗೆ ಆ ಎರಕ ಈಗಲೂ ಬೆರಗು.

ಎಪ್ಪತ್ತರ ದಶಕ ಹೊಡೆತ ಕೊಟ್ಟಿತು. ಬೊಲಿವಿಯಾದ ದೊಡ್ಡ ಟ್ರ್ಯಾಕ್ಟರ್ ಆರ್ಡರ್ ರದ್ದಾಯಿತು, ಕಾರ್ಖಾನೆಗಳಲ್ಲಿ ಮುಷ್ಕರ. ಟ್ರ್ಯಾಕ್ಟರ್ ಕಂಪನಿ ಮಾರಿದ. ಕಾರು ಕಂಪನಿಯ ಪಾಲನ್ನು 1972ರಲ್ಲಿ ಅರ್ಧಕ್ಕಿಂತ ಹೆಚ್ಚು, 1974ರಲ್ಲಿ ಉಳಿದದ್ದನ್ನೂ ಬಿಟ್ಟುಕೊಟ್ಟ. ಉಂಬ್ರಿಯಾದ ತ್ರಾಸಿಮೆನೊ ಸರೋವರದ ಬಳಿ ಜಮೀನು ಮಾಡಿ ದ್ರಾಕ್ಷಿ ಬೆಳೆಸಿದ, ವೈನ್ ತಯಾರಿಸಿದ. 1993ರ ಫೆಬ್ರವರಿ 20ರಂದು ತೀರಿಕೊಳ್ಳುವವರೆಗೆ ಅದೇ ಆತನ ನೆಲೆ.

ಪುಣೆಯಲ್ಲಿ ನಾವು ನಾಲ್ಕು ಕನ್ನಡಿಗರು ಸೇರಿದರೆ ಊರಿಗೆ ಮರಳುವ ಮಾತು ಬಂದೇ ಬರುತ್ತದೆ. ಮರಳುವುದೆಂದರೆ ಸೋಲು ಎನ್ನುವವರೇ ಹೆಚ್ಚು. ಪ್ರತಿ ಅಕ್ಟೋಬರ್‌ನಲ್ಲಿ ಚಾಟ್ನಿ ಹೊತ್ತಿಗೆ ಅಪ್ಪ ಫೋನ್ ಮಾಡಿ, ಮುಂದೆ ತೋಟ ನೋಡುವವರು ಯಾರು ಎಂದು ಕೇಳುತ್ತಾರೆ. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಫೆರುಚೊ ಮಾತ್ರ ತನ್ನ ವೈನಿಗೆ ಮಿಯುರಾದ ರಕ್ತ ಎಂದು ಹೆಸರಿಟ್ಟ. ಕಾರು ಕಟ್ಟಿದ ಹೆಮ್ಮೆಯನ್ನು ಕಾರ್ಖಾನೆಯಲ್ಲಿ ಬಿಟ್ಟು ಬರಲಿಲ್ಲ, ತೋಟಕ್ಕೂ ತಂದ.